ಮಕ್ಕಳ ಕೈಗೆ ಅಳತೆ ಪಾತ್ರೆ ಕೊಡಿ

ನಮ್ಮ ಶಾಲೆಗಳಲ್ಲಿ ನೀರು, ಕಸದ ಬಗ್ಗೆ ಪಾಠವೇ ಇಲ್ಲವೆಂದು ಯಾರೂ ದೂರುವಂತಿಲ್ಲ. ರಾಷ್ಟ್ರೀಯ ಹಸಿರು ಪಡೆಯಡಿ ಇಕೋ ಕ್ಲಬ್‌ಗಳು ಶುರುವಾಗಿ ಎರಡು ದಶಕ ದಾಟಿದೆ. ಜೂನ್ 5 ಬಂತೆಂದರೆ ಜಾಥಾ, ಚಿತ್ರಕಲಾ ಸ್ಪರ್ಧೆ, ಪ್ರತಿಜ್ಞೆ ಎಲ್ಲವೂ ನಡೆಯುತ್ತವೆ. ನನ್ನ ತಕರಾರು ಕಲಿಸುವ ಬಗೆಯ ಮೇಲೆ. ಘೋಷಣೆಯನ್ನು ಬಾಯಿಪಾಠ ಮಾಡಿಸುತ್ತೇವೆ, ಅಳೆಯುವುದನ್ನು ಕಲಿಸುವುದಿಲ್ಲ.

ಮಕ್ಕಳ ಪ್ರಾಜೆಕ್ಟ್ ಫೈಲುಗಳನ್ನೇ ತಿರುವಿ ನೋಡಿ. ಸ್ಟೇಷನರಿ ಅಂಗಡಿಯ ಚಾರ್ಟಿನಿಂದ ಕತ್ತರಿಸಿ ಅಂಟಿಸಿದ ಚಿತ್ರ, ಸ್ಕೆಚ್ ಪೆನ್ನಿನ ಬಾರ್ಡರ್, ಅಂದವಾದ ಅಕ್ಷರ. ತನ್ನ ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಖರ್ಚಾಗುತ್ತದೆಂದು ಮಗು ಬರೆದ ಒಂದು ಸಾಲು ಸಿಗುವುದು ಅಪರೂಪ. ಆ ಸಾಲಿಗೇ ಹೆಚ್ಚು ಅಂಕ ಸಿಗಬೇಕಿತ್ತು.

ಅಳೆಯುವುದೇನೂ ಕಷ್ಟವಿಲ್ಲ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಲೀಟರ್ ಬಾಟಲಿ ಇಟ್ಟು, ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಬರೆದುಕೊಂಡರಾಯಿತು. ಗಂಟೆಗೆ ಒಂದು ಲೀಟರ್ ಎಂದರೆ ದಿನಕ್ಕೆ 24, ತಿಂಗಳಿಗೆ 720. ಜಲ ಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆಂದು ಗೊತ್ತು ಮಾಡಿರುವುದು 55 ಲೀಟರ್. ಒಬ್ಬ ಮನುಷ್ಯನ ಹದಿಮೂರು ದಿನದ ಪಾಲು ಆ ಒಂದು ನಲ್ಲಿಯಿಂದ ಸೋರಿಹೋಗುತ್ತಿದೆ! ಗಣಿತದ ಒಂದು ಪೀರಿಯಡ್ಡಿನಲ್ಲಿ ಈ ಲೆಕ್ಕ ಮುಗಿಯುತ್ತದೆ. ಮುಂದಿನ ಪೀರಿಯಡ್ಡಿನಲ್ಲಿ ಹುಡುಗ ಹುಡುಗಿಯರು ಸ್ಪ್ಯಾನರ್ ಹಿಡಿದು ವಾಷರ್ ಬದಲಿಸಲಿ.

ಇದಕ್ಕಿಂತ ದೊಡ್ಡ ಪಾಠಶಾಲೆ ಬಿಸಿಯೂಟದ ನಂತರ ಕೈತೊಳೆಯುವ ಜಾಗ. ಸಾಲು ನಲ್ಲಿಗಳು ಪೂರ್ತಿ ತಿರುಗಿರುತ್ತವೆ, ತಟ್ಟೆಗಳಲ್ಲಿ ಉಳಿದ ಅನ್ನ ಸಾಂಬಾರು ಮೋರಿಗೆ ಜಾರುತ್ತದೆ, ಮೋರಿ ಕಟ್ಟಿಕೊಂಡು ಮುಸುರೆ ನೀರು ಅಂಗಳಕ್ಕೆ ಹರಿಯುತ್ತದೆ. ಕೆಲವು ಕಡೆ ಶಿಕ್ಷಕರು ಇದನ್ನು ಚೆನ್ನಾಗಿ ನಿಭಾಯಿಸುತ್ತಾರೆ: ಉಳಿದದ್ದನ್ನು ಮೊದಲು ಒಂದು ಬಕೆಟ್ಟಿಗೆ ಬಳಿಸಿ, ತಟ್ಟೆಯನ್ನು ಟಬ್ಬಿನಲ್ಲಿ ತಿಕ್ಕಿಸಿ, ಕೊನೆಗಷ್ಟೇ ನಲ್ಲಿಗೆ ಹಿಡಿಸುತ್ತಾರೆ, ಟಬ್ಬಿನ ನೀರು ಕೈತೋಟದ ಬಾಳೆ, ನುಗ್ಗೆಗೆ ಹೋಗುತ್ತದೆ. ಇದರ ಜೊತೆಗೆ ಬಕೆಟ್ಟನ್ನು ದಿನವೂ ತೂಗಿ, ಏನು ಬಡಿಸಿದ ದಿನ ಎಷ್ಟು ಉಳಿಯಿತೆಂದು ಗೋಡೆಯ ಮೇಲೆ ಬರೆಯಿಸಬೇಕು. ಅಡುಗೆಯವರಿಗೆ ಅಳತೆ ಸಿಗುತ್ತದೆ. ಕಸವನ್ನು ವಿಂಗಡಿಸುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಮೇಲೆಂದು ಮಕ್ಕಳಿಗೂ ಮನದಟ್ಟಾಗುತ್ತದೆ. ಮನೆಯ ಅಡುಗೆಮನೆಗೆ ಹೋಗಬೇಕಾದ ಪಾಠವೂ ಇದೇ.

ಬೆಂಗಳೂರಿನ ಶಾಲೆಗಳ ಪಾಠದಲ್ಲಿ ಇನ್ನೊಂದು ಕೊರತೆ ಕಾಣುತ್ತದೆ. ನಲ್ಲಿಯ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಸಾಗಿ, ಸುಮಾರು 500 ಮೀಟರ್ ಮೇಲೇರಿ ಬರುತ್ತದೆ ಎಂಬುದು ಎಷ್ಟು ಮಕ್ಕಳಿಗೆ ಗೊತ್ತು? ನಗರದ ಕಸ ತಮ್ಮೂರಿಗೆ ಬೇಡವೆಂದು ಮಂಡೂರಿನ ಜನ ಬೀದಿಗಿಳಿದದ್ದು, 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕಸ ವಿಂಗಡಿಸಲು ಎರಡು ಡಬ್ಬಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿದ್ದು ಒಂದೇ ಕಥೆಯ ಅಧ್ಯಾಯಗಳು. ಈ ಕಥೆಯನ್ನು ಬಿಟ್ಟು ಡಬ್ಬಿಯ ಬಣ್ಣ ಕಂಠಪಾಠ ಮಾಡಿಸಿದರೆ ಪರೀಕ್ಷೆ ಮುಗಿದ ಕೂಡಲೇ ಮರೆತುಹೋಗುತ್ತದೆ.

ಹಾಗೆಂದು ಹೊರೆಯನ್ನೆಲ್ಲ ಮಕ್ಕಳ ತಲೆಗೆ ಕಟ್ಟುವುದು ಅನ್ಯಾಯ. ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡುವ ಕೆಲಸ ಕೊನೆಗೆ ಅಮ್ಮನ ಪಾಲಿಗೇ ಬೀಳುತ್ತದೆ. ಹಾಗಾಗಿ ಮನೆಗೆಲಸದ ಹಾಳೆಯಲ್ಲಿ ಅಪ್ಪ, ಅಣ್ಣಂದಿರ ಪಾಲೂ ಇರಲಿ. ಶಾಲೆಯೂ ತನ್ನ ಪಾಲು ಮಾಡಬೇಕು. ಸುವರ್ಣ ಜಲ ಯೋಜನೆಯಲ್ಲಿ ಹಳ್ಳಿ ಶಾಲೆಗಳಿಗೆ ಮಳೆನೀರಿನ ತೊಟ್ಟಿಗಳು ಬಂದವು. ಪೈಪು ಕಳಚಿ, ಸೋಸುವ ಜಲ್ಲಿ ಹೂಳು ತುಂಬಿ ಎಷ್ಟೋ ಕಡೆ ಅವು ಕೆಲಸಕ್ಕೆ ಬಾರದಾದವು. ಅಂಥ ತೊಟ್ಟಿಯಿರುವ ಶಾಲೆಯಲ್ಲಿ ಮಳೆಗಾಲಕ್ಕೆ ಮುಂಚೆ ಮಕ್ಕಳಿಂದಲೇ ಒಂದು ತಪಾಸಣಾ ಪಟ್ಟಿ ಬರೆಸಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಿಸಿ, ರಿಪೇರಿಯ ಹಣವನ್ನು ಅದೇ ಸಭೆಯಲ್ಲಿ ಎತ್ತಿಡಬೇಕು.