‘ಅತ್ಯಾವಶ್ಯಕ’ ಎಂಬ ಮಾತಿನ ಎಲ್ಲೆ: ಶಿಶುಪೋಷಣೆಯಲ್ಲಿ ಮೇದಾಮ್ಲಗಳು

ಪಾರಿಭಾಷಿಕ ಪದವೊಂದು ಪ್ರಯೋಗಶಾಲೆಯ ಹೊಸ್ತಿಲನ್ನು ದಾಟಿ ಬಂದಮೇಲೆ ತನ್ನ ಮೂಲಾರ್ಥವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆಯೆಂದು ಪರೀಕ್ಷಿಸುವುದು ವಿಮರ್ಶೆಯ ಕರ್ತವ್ಯಗಳಲ್ಲೊಂದು. ಶಿಶುಪೋಷಣೆಯ ಬರವಣಿಗೆಯಲ್ಲಿ ಬಳಕೆಯಾಗುತ್ತಿರುವ ‘ಅತ್ಯಾವಶ್ಯಕ ಮೇದಾಮ್ಲ’ ಎಂಬ ಪದವನ್ನು ನಾವಿಲ್ಲಿ ಆ ದೃಷ್ಟಿಯಿಂದ ನೋಡಬಯಸುತ್ತೇವೆ.

ಈ ಕಲ್ಪನೆಗೆ ತಳಹದಿಯನ್ನು ಹಾಕಿದವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು. 1929ರಲ್ಲಿ ಅವರು ಮೇದಸ್ಸಿಲ್ಲದ ಆಹಾರವನ್ನು ತಿಂದ ಇಲಿಗಳ ಬೆಳವಣಿಗೆ ಕುಂಠಿತವಾಗಿ ಬಾಲದ ಮೇಲೆ ಹುರುಪೆ ಏಳುವುದನ್ನು ತೋರಿಸಿಕೊಟ್ಟರು. ಮರುವರ್ಷ, ಲಿನೋಲಿಯಿಕ್ ಆಮ್ಲವನ್ನು ಕೊಟ್ಟರೆ ಆ ವ್ಯಾಧಿ ಗುಣವಾಗುವುದೆಂದು ಪ್ರಕಟಿಸಿದರು. ಇಲ್ಲಿ ಮೂರು ಒರೆಗಲ್ಲುಗಳಿವೆ: ದೇಹವು ಆ ವಸ್ತುವನ್ನು ತಾನೇ ನಿರ್ಮಿಸಿಕೊಳ್ಳಲಾರದು, ಅದಿಲ್ಲದಿದ್ದರೆ ನಿರ್ದಿಷ್ಟ ವ್ಯಾಧಿ ತೋರುವುದು, ಅದನ್ನಿತ್ತರೆ ವ್ಯಾಧಿ ತೊಲಗುವುದು.

ಮಾನವ ಶಿಶುವಿನ ವಿಷಯದಲ್ಲಿ ಇದನ್ನು ಸ್ಥಾಪಿಸಿದವರು ಆರಿಲ್ಡ್ ಹ್ಯಾನ್ಸೆನ್ ಮತ್ತು ಅವರ ಸಹೋದ್ಯೋಗಿಗಳು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ 428 ಶಿಶುಗಳನ್ನು ಒಳಗೊಂಡಿತ್ತು. ಕೆನೆ ತೆಗೆದ ಹಾಲಿನ ಮಿಶ್ರಣವನ್ನು ಕುಡಿದ ಕೂಸುಗಳ ಚರ್ಮ ಒಣಗಿ, ದಪ್ಪವಾಗಿ, ಸುಲಿಯತೊಡಗಿತು; ಲಿನೋಲಿಯಿಕ್ ಆಮ್ಲವನ್ನು ಸೇರಿಸಿದಾಗ ಗುಣ ಕಂಡಿತು. ಕೂಸುಗಳಿಗೆ ತಿಳಿದೂ ಕೊರತೆಯ ಆಹಾರವನ್ನು ಕೊಡುವುದನ್ನು ಇಂದಿನ ಸಂಶೋಧನಾನೀತಿ ಒಪ್ಪಲಾರದು. ಆದರೂ ಮೂರು ಒರೆಗಲ್ಲುಗಳಲ್ಲಿಯೂ ಅದರ ತೀರ್ಮಾನ ನಿಲ್ಲುತ್ತದೆಂಬುದನ್ನು ಅಲ್ಲಗಳೆಯಲಾಗದು. ಶಿಶುಆಹಾರದ ಪ್ರತಿ 100 ಕಿಲೋಕ್ಯಾಲೊರಿಯಲ್ಲಿ ಕನಿಷ್ಠ 300 ಮಿಲಿಗ್ರಾಂ ಲಿನೋಲಿಯಿಕ್ ಆಮ್ಲವೂ 50 ಮಿಲಿಗ್ರಾಂ ಆಲ್ಫಾ ಲಿನೋಲೆನಿಕ್ ಆಮ್ಲವೂ ಇರಬೇಕೆಂಬ ಕೋಡೆಕ್ಸ್ ನಿಯಮ ಸಾಧುವಾದದ್ದೇ.

ತೊಡಕು ಹುಟ್ಟುವುದು ಇದರ ಮುಂದಿನ ಹೆಜ್ಜೆಯಲ್ಲಿ. ಮಿದುಳಿನಲ್ಲಿಯೂ ಅಕ್ಷಿಪಟಲದಲ್ಲಿಯೂ ಹೇರಳವಾಗಿರುವ ಡಿ.ಎಚ್.ಎ. ಎಂಬ ಮೇದಾಮ್ಲಕ್ಕೂ ಅದೇ ವಿಶೇಷಣವನ್ನು ತೊಡಿಸುವ ರೂಢಿ ಬೆಳೆದಿದೆ. ಎದೆಹಾಲುಂಡ ಶಿಶುಗಳ ಮಿದುಳಿನಲ್ಲಿ ಇದರ ಅಂಶ ಹೆಚ್ಚೆಂದು 1992ರಲ್ಲಿ ಗ್ಲಾಸ್ಗೋದಿಂದ ಬಂದ ವರದಿ ತಿಳಿಸಿತು. ಆದರೆ ಅಂಗದ ರಚನೆಯಲ್ಲಿ ವ್ಯತ್ಯಾಸವಿದೆಯೆಂದ ಮಾತ್ರಕ್ಕೆ ಅದರ ಕಾರ್ಯದಲ್ಲಿಯೂ ವ್ಯತ್ಯಾಸವಿದೆಯೆಂದು ಹೇಳಬಹುದೆ? ದೇಹವು ಆಲ್ಫಾ ಲಿನೋಲೆನಿಕ್ ಆಮ್ಲದಿಂದ ಇದನ್ನು ಸ್ವಲ್ಪಮಟ್ಟಿಗಾದರೂ ನಿರ್ಮಿಸಿಕೊಳ್ಳಬಲ್ಲದಾದ್ದರಿಂದ ಮೊದಲ ಒರೆಗಲ್ಲಿನಲ್ಲಿಯೇ ಸಂದೇಹವುಂಟು. ಇನ್ನು ಫಲದ ವಿಚಾರ: ತುಂಬು ತಿಂಗಳ ಶಿಶುಗಳ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2017ರ ಕಾಕ್ರೇನ್ ಸಮೀಕ್ಷೆಗೆ ಬುದ್ಧಿಯ ಬೆಳವಣಿಗೆಯಲ್ಲಿ ಸ್ಥಿರವಾದ ಲಾಭ ಕಾಣಲಿಲ್ಲ. ಹೀಗಿದ್ದೂ ಐರೋಪ್ಯ ಒಕ್ಕೂಟವು 2020ರಿಂದ ಶಿಶುಆಹಾರದಲ್ಲಿ ಇದನ್ನು ಕಡ್ಡಾಯಗೊಳಿಸಿದೆ. ಎದೆಹಾಲಿನಲ್ಲಿ ಇದರೊಡನೆಯೇ ಇರುವ ಅರಾಕಿಡೋನಿಕ್ ಆಮ್ಲವನ್ನು ಮಾತ್ರ ಕಡ್ಡಾಯಗೊಳಿಸಿಲ್ಲ. ಎದೆಹಾಲೇ ಮಾದರಿಯೆಂದಾದರೆ ಈ ಆಯ್ಕೆಗೆ ಸಮರ್ಥನೆ ಕಷ್ಟ.

ಆ ಮಾದರಿಯಾದರೂ ಏಕರೂಪವಾದುದಲ್ಲ. ಎದೆಹಾಲಿನ ಮೇದಾಮ್ಲಗಳಲ್ಲಿ ಡಿ.ಎಚ್.ಎ. ಪಾಲು ಸರಾಸರಿ ಶೇ. 0.32; ಆದರೆ ತಾಯಿಯ ಆಹಾರವನ್ನನುಸರಿಸಿ ಶೇ. 0.06ರಿಂದ 1.4ರವರೆಗೆ ಅದು ವ್ಯತ್ಯಾಸಗೊಳ್ಳುವುದುಂಟು. ಆದುದರಿಂದ ತಾಯಿಯ ಊಟವನ್ನು ಬಿಟ್ಟು ಶಿಶುವಿನ ಡಬ್ಬಿಯನ್ನಷ್ಟೇ ಚರ್ಚಿಸುವುದು ಬೇರನ್ನು ಮರೆತು ಎಲೆಗೆ ನೀರೆರೆದಂತೆ.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಪ್ರಶ್ನೆ ಬೇರೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಆಗಬೇಕಾದ ಸಂಚಯ ಅವಕ್ಕೆ ತಪ್ಪಿಹೋಗಿರುತ್ತದೆ. ಅವುಗಳ ಅಗತ್ಯವನ್ನು ಎಲ್ಲ ಶಿಶುಗಳಿಗೂ ಆರೋಪಿಸಬಾರದು.

ಇದು ಬರಿಯ ಪದಗಳ ಜಗಳವಲ್ಲ. ನಮ್ಮ ದೇಶದ 1992ರ ಶಿಶುಹಾಲು ಬದಲಿಗಳ ಅಧಿನಿಯಮವು ಇಂಥ ಪದಾರ್ಥಗಳ ಜಾಹೀರಾತನ್ನು ನಿಷೇಧಿಸಿದೆ. ಡಬ್ಬಿಯ ಮೇಲೆ ಮಗುವಿನ ಚಿತ್ರಕ್ಕೂ ಎಡೆಯಿಲ್ಲ. ಪದಗಳೂ ಚಿತ್ರಗಳೂ ತಾಯಂದಿರ ಮನಸ್ಸನ್ನು ಒಲಿಸಬಲ್ಲವೆಂಬುದನ್ನು ಶಾಸನವೇ ಬಲ್ಲದು. ಬೆಲೆಯುಳ್ಳ ಡಬ್ಬಿಯನ್ನು ಕೊಳ್ಳಲಾರದ ತಾಯಿ, ತನ್ನ ಮಗುವಿಗೆ ‘ಅತ್ಯಾವಶ್ಯಕ’ವಾದುದು ತಪ್ಪಿತೆಂದು ಕೊರಗುವಂತಾದರೆ, ಅದರ ಹೊಣೆಯಲ್ಲಿ ಪಾಠ ಹೇಳುವ ನಮಗೂ ಪಾಲುಂಟು. ಲಿನೋಲಿಯಿಕ್ ಮತ್ತು ಆಲ್ಫಾ ಲಿನೋಲೆನಿಕ್ ಆಮ್ಲಗಳನ್ನು ‘ಅತ್ಯಾವಶ್ಯಕ’ವೆಂದೂ ಡಿ.ಎಚ್.ಎ.ಯನ್ನು ‘ಪ್ರಯೋಜನವಿರಬಹುದಾದುದು’ ಎಂದೂ ಬೇರ್ಪಡಿಸಿ ಕಲಿಸುವುದೇ ಸದ್ಯದ ಆಧಾರಗಳಿಗೆ ಒಪ್ಪುವ ಮಾರ್ಗವೆಂದು ನಮ್ಮ ಅಭಿಪ್ರಾಯ.