ಎರಡು ಕಂಬ, ಒಂದು ಸೀಟಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಆಟದ ಪೀರಿಯಡ್ಡಿಗೆ ದೊಡ್ಡ ಸಾಮಾನೇನೂ ಬೇಕಾಗಿಲ್ಲ. ಎರಡು ಕಂಬ, ಒಂದು ಸೀಟಿ, ಒಂದು ಬುಟ್ಟಿ ಸುಣ್ಣದ ಪುಡಿ ಇದ್ದರೆ ಖೋಖೋ ಅಂಕಣ ತಯಾರು. ಹಿರಿಯರ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಶಾಲೆಯಲ್ಲಿ ಅಂಗಳ ಇದ್ದಷ್ಟೇ ಅಂಕಣ. ಎರೆ ನೆಲವಾದರೆ ಮಳೆಗಾಲದಲ್ಲಿ ಮಣ್ಣು ಕಾಲನ್ನೇ ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಒಳ್ಳೆಯ ಮಾಸ್ತರು ಗರಸು ಹಾಕಿಸುತ್ತಾರೆ.

ನನಗೆ ಈ ಆಟದ ಕಟ್ಟಳೆಗಳೇ ಇಷ್ಟ. ಎಂಟು ಮಂದಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ, ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಓಡುವವರು ಕೂತವರ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟುವವರು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ತಿರುಗುವಂತಿಲ್ಲ, ಕಂಬ ಮುಟ್ಟುವವರೆಗೆ. ಹಾಗಾಗಿ ಬರೀ ಕಾಲಿನ ಬಿರುಸು ಸಾಲದು. ಯಾರ ಬೆನ್ನು ಮುಟ್ಟಿ ‘ಖೋ’ ಎನ್ನಬೇಕು ಎಂಬ ಲೆಕ್ಕ ಅರೆಗಳಿಗೆಯಲ್ಲಿ ಆಗಬೇಕು. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ ಇಲ್ಲಿ ಗಂಟಲು ಹರಿಯುವಂತೆ ಕೂಗುತ್ತಾಳೆ. ಪರೀಕ್ಷೆ ಬಂತೆಂದು ಈ ಪೀರಿಯಡ್ಡನ್ನೇ ಗಣಿತಕ್ಕೆ ಕೊಡುವವರಿಗೆ ಏನು ಹೇಳುವುದು?

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪಿನಲ್ಲಿ ಭಾರತದ ಪುರುಷರೂ ಮಹಿಳೆಯರೂ ನೇಪಾಳವನ್ನು ಸೋಲಿಸಿ ಗೆದ್ದರು. ಅಲ್ಲಿ ಮ್ಯಾಟ್ ಇತ್ತು. ಇಲ್ಲಿ ಮೊಣಕಾಲು ತರಚುತ್ತದೆ, ಮಾಸ್ತರು ಅರಿಸಿನ ಹಚ್ಚಿ ಮತ್ತೆ ಸಾಲಿನಲ್ಲಿ ಕೂರಿಸುತ್ತಾರೆ.