ಮಕ್ಕಳ ಪುಟದ ಚಿತ್ರಕಾರ ಲೆಬೆದೆವ್

ಮಕ್ಕಳ ಪುಸ್ತಕದಲ್ಲಿ ಚಿತ್ರವು ಪದ್ಯಕ್ಕೆ ತೊಡಿಸಿದ ಒಡವೆ ಮಾತ್ರವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇದು ಸರಿಯಲ್ಲವೆಂಬುದನ್ನು ಕೃತಿಯಿಂದಲೇ ತೋರಿಸಿಕೊಟ್ಟವರಲ್ಲಿ ರಷ್ಯದ ವ್ಲದಿಮಿರ್ ಲೆಬೆದೆವ್ (1891–1967) ಅಗ್ರಗಣ್ಯರು.

ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿದ ಇವರು ಕ್ರಾಂತಿಯ ಬಳಿಕ, 1920–21ರಲ್ಲಿ, ರೋಸ್ತಾ ಎಂಬ ಸುದ್ದಿಸಂಸ್ಥೆಗಾಗಿ ಭಿತ್ತಿಪತ್ರಗಳನ್ನು ರಚಿಸಿದರು. ಲಿನೋಲಿಯಂ ಹಾಳೆಯಲ್ಲಿ ಕೊರೆದು ಅಚ್ಚೊತ್ತಿ, ಕೈಯಿಂದ ಬಣ್ಣ ತುಂಬುವ ಕ್ರಮ ಅದು. ಮಾಸ್ಕೋ ನಗರದಲ್ಲಾದರೋ ಇಂಥವನ್ನು ಸ್ಟೆನ್ಸಿಲ್ಲಿನಿಂದಲೇ ತೆಗೆಯುತ್ತಿದ್ದರು. ಅಕ್ಷರ ಬಾರದ ದಾರಿಹೋಕನಿಗೂ ಒಂದೇ ನೋಟಕ್ಕೆ ಅರ್ಥವಾಗಬೇಕು; ಆದುದರಿಂದ ಬೇಡವಾದ ಗೆರೆಯೊಂದೂ ಉಳಿಯಬಾರದು. ಈ ಮಿತವ್ಯಯವೇ ಮುಂದೆ ಅವರ ಮಕ್ಕಳ ಪುಸ್ತಕಗಳ ಜೀವಾಳವಾಯಿತು.

1924ರಿಂದ ಲೆನಿನ್‌ಗ್ರಾದಿನ ಸರ್ಕಾರಿ ಪ್ರಕಾಶನದ ಮಕ್ಕಳ ವಿಭಾಗದಲ್ಲಿ ಕಲಾಸಂಪಾದಕರಾಗಿ, ಕವಿ ಮಾರ್ಷಾಕರೊಡನೆ ದುಡಿದರು. ಮಾರ್ಷಾಕರ ಪದ್ಯಗಳಿಗೆ ಅವರು ರಚಿಸಿದ ಚಿತ್ರಗಳಿಂದ 1925ರಲ್ಲಿ ‘ಸರ್ಕಸ್’, ‘ಐಸ್‌ಕ್ರೀಮ್’, ‘ನಿನ್ನೆ ಮತ್ತು ಇಂದು’, 1926ರಲ್ಲಿ ‘ಸಾಮಾನು’ ಹೊರಬಂದವು. ಇವುಗಳಲ್ಲಿ ನೆಲವಿಲ್ಲ, ಆಕಾಶವಿಲ್ಲ, ನೆರಳಿಲ್ಲ. ಬಿಳಿಯ ಕಾಗದವೇ ರಂಗಸ್ಥಳ. ಅದರ ಮೇಲೆ ಚಪ್ಪಟೆ ಬಣ್ಣದ ಆಕೃತಿಗಳು ಆಟಿಗೆಗಳಂತೆ ನಿಂತಿವೆ. ‘ನಿನ್ನೆ ಮತ್ತು ಇಂದು’ ಪುಸ್ತಕದಲ್ಲಿ ಸೀಮೆಎಣ್ಣೆಯ ದೀಪಕ್ಕೆ ವಿದ್ಯುದ್ದೀಪವೂ ಲೇಖನಿಗೆ ಟೈಪ್‌ರೈಟರೂ ಎದುರಾಗುತ್ತವೆ. ಹೊಸತೆಲ್ಲ ಒಳ್ಳೆಯದೆಂಬ ರಾಜ್ಯದ ಘೋಷ ಇಲ್ಲಿ ಕೇಳಿಸದೆ ಇರದು, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ವಸ್ತುವೊಂದನ್ನು ಹೇಗೆ ಮಾಡಿದ್ದಾರೆ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಮಗು ಕೇಳುವಂತೆ ಮಾಡುವ ಶಕ್ತಿ ಆ ಚಿತ್ರಗಳಿಗಿದೆ. ‘ಸಾಮಾನು’ ಎಂಬುದರಲ್ಲಿ ಪ್ರಯಾಣಿಕಳೊಬ್ಬಳ ಸೋಫಾ, ಪೆಟ್ಟಿಗೆ, ಬುಟ್ಟಿ, ಪುಟ್ಟ ನಾಯಿ ಮೊದಲಾದುವು ಪಟ್ಟಿಯಂತೆ ಮರಳಿ ಮರಳಿ ಬರುತ್ತವೆ. ಓದಲರಿಯದ ಶಿಶುವೂ ಅವನ್ನು ಬೆರಳಿಟ್ಟು ಎಣಿಸಬಲ್ಲದು.

ಚರುಷಿನ್, ವಾಸ್ನೆತ್ಸೋವ್, ಕುರ್ದೋವ್ ಮೊದಲಾದ ಕಿರಿಯರು ಇವರ ಮಾರ್ಗದರ್ಶನದಲ್ಲಿಯೇ ಬೆಳೆದರು. ಆದರೆ 1936ರ ಮಾರ್ಚ್ 1ರಂದು ‘ಪ್ರಾವ್ದಾ’ ಪತ್ರಿಕೆಯು, ಹಿಂದಿನ ವರ್ಷ ಪ್ರಕಟವಾದ ಮಾರ್ಷಾಕರ ಸಂಕಲನವೊಂದರ ಚಿತ್ರಗಳನ್ನು ಹಿಡಿದು, ಇಂಥ ಕಲಾವಿದರು ಪುಟವನ್ನು ಹೊಲಸುಮಾಡುವವರೆಂದು ಹಳಿಯಿತು. ಯಾವ ರಾಜ್ಯದ ಸಂದೇಶವನ್ನು ಅವರ ಕುಂಚವು ಬೀದಿಬೀದಿಗೆ ಸಾರಿತ್ತೋ ಆ ರಾಜ್ಯದ ಮುಖಪತ್ರಿಕೆಯೇ ಅವರನ್ನು ದಂಡಿಸಿತು. ಆಮೇಲಿನ ಚಿತ್ರಗಳಲ್ಲಿ ಬೆಕ್ಕಿನ ರೋಮ, ಬಟ್ಟೆಯ ಮಡಿಕೆ, ಕೆನ್ನೆಯ ಕೆಂಪು ಎಲ್ಲವೂ ಇವೆ, ಕೈಚಳಕ ಕುಂದಿಲ್ಲ. ಆದರೆ ಮಗುವಿನ ಕಲ್ಪನೆಗೆಂದು ಬಿಟ್ಟಿದ್ದ ಬಿಳಿಯ ಜಾಗ ತುಂಬಿಹೋಗಿದೆ. 1966ರಲ್ಲಿ ‘ಜನತಾ ಕಲಾವಿದ’ ಎಂಬ ಬಿರುದು ಬಂದಿತು; ಕಳೆದುಹೋದ ಧೈರ್ಯವನ್ನು ಯಾವ ಬಿರುದೂ ಹಿಂದಿರುಗಿಸಲಾರದು.

ಅಂಥ ಸರಳಾಕೃತಿ ಮಕ್ಕಳಿಗೆ ಅರ್ಥವಾಗದೆಂಬ ವಾದ ಇಂದಿಗೂ ಕೇಳಿಬರುತ್ತದೆ. ಆದರೆ ಸ್ಲೇಟಿನ ಮೇಲೆ ಒಂದು ಸೊನ್ನೆಗೆ ನಾಲ್ಕು ಗೀಟೆಳೆದು ‘ಇದು ಎಮ್ಮೆ’ ಎನ್ನುವ ಬಾಲಕನಿಗೆ ಸರಳತೆಯ ಪಾಠ ಯಾರೂ ಹೇಳಿಕೊಟ್ಟಿರುವುದಿಲ್ಲ. ಆ ಎಮ್ಮೆಗೆ ಕೆಂಪು ಗೀಟು ಹಾಕುವ ಮೊದಲು ಅಧ್ಯಾಪಕ ಬಂಧುಗಳು ಲೆಬೆದೆವರನ್ನು ನೆನೆಯಬೇಕು. ದೊಡ್ಡ ಪತ್ರಿಕೆಯೊಂದು ದೊಡ್ಡ ಕಲಾವಿದನಿಗೆ ಮಾಡಿದ್ದನ್ನು, ನಮ್ಮ ಪುಟ್ಟ ತರಗತಿಯಲ್ಲಿ ಪುಟ್ಟ ಕೈಗಳಿಗೆ ಮಾಡದಿರುವುದು ನಮ್ಮ ವಶದಲ್ಲಿದೆ.